ಅಪ್ಪನಿಗೆ ಬಿಪಿ ಇದ್ದ ಕಾಲ

ಮೊನ್ನೆ ಪೆರುಂಗುಡಿಯ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಆರೋಗ್ಯ ತಪಾಸಣೆಯ ಶಿಬಿರ ನಡೆಯಿತು. ಶಾಮಿಯಾನದಡಿ ಒಂದು ಮೇಜು, ಎರಡು ಕುರ್ಚಿ, ಬಿಪಿ ನೋಡುವ ಒಬ್ಬ ಹುಡುಗಿ. ಸಾಲಿನಲ್ಲಿ ನನ್ನ ಮುಂದೆ ಗಂಡ ಹೆಂಡತಿ ನಿಂತಿದ್ದರು. ತನ್ನ ಕಾರಿನ ಜಾಗದಲ್ಲಿ ಯಾರೋ ಸ್ಕೂಟರ್ ನಿಲ್ಲಿಸಿದ್ದಾರೆಂದು ಗಂಡ ವಾಚ್‌ಮನ್ನನ ಮೇಲೆ ಹರಿಹಾಯುತ್ತಿದ್ದ. ಹೆಂಡತಿ ನಗುತ್ತ ಮೆಲ್ಲಗೆ ಆ ಹುಡುಗಿಗೆ, ಇವರಿಗೆ ಮೊದಲು ನೋಡಿಬಿಡಮ್ಮ, ಬಿಪಿ ತಲೆಗೇರಿದೆ ಎಂದಳು. ನನ್ನ ಬಾಯಿ ಸುಮ್ಮನಿರಬೇಕಲ್ಲ! "ಅವರನ್ನು ಬಿಡಿ, ನೀವು ಮೊದಲು ಕೈ ನೀಡಿ" ಎಂದುಬಿಟ್ಟೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಗಂಡ ಬೈಯುವುದನ್ನು ನಿಲ್ಲಿಸಿ, ಇವಳ್ಯಾರಪ್ಪ ಎಂಬಂತೆ ನೋಡಿದ. ಸುಮ್ಮನೆ ನಗುತ್ತ ನಿಂತವರನ್ನು ಕಂಡರೆ ನನಗೆ ಭಯ. ಈ ಭಯ ಎಲ್ಲಿಂದ ಬಂತೆಂದು ಸಾಲಿನಲ್ಲಿ ನಿಂತು ಹೇಳಲು ಆಗುವುದಿಲ್ಲ. ಹೇಳಬೇಕೆಂದರೆ ತಾಂಬರಂ ಮನೆಯಿಂದಲೇ ಶುರು ಮಾಡಬೇಕು.

ತಾಂಬರಂನಲ್ಲಿ ನಾವಿದ್ದದ್ದು ರೈಲು ಹಳಿಗೆ ಹತ್ತಿರದ ಒಂದು ಮನೆಯ ಮಹಡಿಯ ಪೋರ್ಷನ್ನಿನಲ್ಲಿ. ಕೆಳಗೆ ಮನೆಯೊಡತಿ ಮಾಮಿ. ಮೇಲೆ ಒಂದು ಹಾಲು, ಒಂದು ಅಡುಗೆಮನೆ, ಬಟ್ಟೆ ಒಣಗಿಸುವಷ್ಟೇ ಅಗಲದ ಒಂದು ವರಾಂಡ. ಎಲೆಕ್ಟ್ರಿಕ್ ಟ್ರೇನು ಹೋದಾಗಲೆಲ್ಲ ಅಡುಗೆಮನೆಯ ಗೂಡಿನ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಆ ಮನೆಯಲ್ಲಿ ಲೋಟಗಳಿಗಿದ್ದ ಸ್ವಾತಂತ್ರ್ಯ ನಮಗಿರಲಿಲ್ಲ. ಅಪ್ಪ ಮನೆಯಲ್ಲಿದ್ದಾಗ ನಾನು, ತಮ್ಮ ಮುರಳಿ ಇಬ್ಬರೂ ಬೆಕ್ಕಿನ ಹೆಜ್ಜೆಯಲ್ಲಿ ಓಡಾಡಬೇಕು. ರೇಡಿಯೋ ಗುನುಗಬೇಕು, ಹಾಡಬಾರದು. ಕುಕ್ಕರು ಕೂಗಿದರೂ ಅಮ್ಮ ಸೆರಗಿನಿಂದ ಅದರ ಬಾಯಿ ಮುಚ್ಚಲು ಓಡುತ್ತಿದ್ದಳು. ಕಾರಣ ಒಂದೇ: ಅಪ್ಪನಿಗೆ ಬಿಪಿ ಇತ್ತು.

ಅಪ್ಪ ಮೈಸೂರಿನ ಕಡೆಯವರು. ನುಂಗಂಬಾಕ್ಕಂನ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ. ಹೊಸದಾಗಿ ಪಾಲಿಸಿ ಕೇಳಿದವರ ವೈದ್ಯಕೀಯ ವರದಿಗಳು ಅವರ ಮೇಜಿನ ಮೇಲಿಂದ ಹಾದುಹೋಗುತ್ತಿದ್ದವು. ಅಷ್ಟಕ್ಕೇ ಅವರು ತಮ್ಮನ್ನು ಅರ್ಧ ಡಾಕ್ಟರೆಂದು ತಿಳಿದಿದ್ದರು. ಊಟಕ್ಕೆ ಕೂತಾಗ, ಯಾರಿಗೆ ಎಷ್ಟು ಬಿಪಿ ಇತ್ತು, ಯಾರ ಅರ್ಜಿ ವಾಪಸು ಹೋಯಿತು ಎಂಬುದೇ ಮಾತು. "ಇನ್ನೂರರ ಹತ್ರ ಬಂತು ಅಂದ್ರೆ ಮುಗೀತು, ಅಂಥೋರಿಗೆ ಪಾಲಿಸಿ ಕೊಟ್ರೆ ಆಫೀಸು ಬಾಗಿಲು ಹಾಕ್ಕೋಬೇಕು" ಎನ್ನುತ್ತಿದ್ದರು. ಇನ್ನು ಸಿಟ್ಟು? ಅದು ಸದಾ ಮೂಗಿನ ತುದಿಯಲ್ಲೇ ಇರುತ್ತಿತ್ತು. ಪೇಪರು ಅಡ್ಡಾದಿಡ್ಡಿ ಮಡಿಸಿದ್ದರೆ ಸಿಟ್ಟು, ಕಾಫಿ ಆರಿದ್ದರೆ ಸಿಟ್ಟು, ಬಿಸಿಯಿದ್ದರೆ ನಾಲಿಗೆ ಸುಟ್ಟಿತೆಂದು ಸಿಟ್ಟು. ಟ್ರೇನಿನಲ್ಲಿ ಯಾರಾದರೂ ಕಾಲು ತುಳಿದರಂತೂ ಆ ಜಗಳ ಸೈದಾಪೇಟೆ ದಾಟುವವರೆಗೆ ನಡೆಯುತ್ತಿತ್ತಂತೆ.

ಈ ಬಿಪಿ ಅವರಿಗೆ ಸಿಕ್ಕಿದ್ದು ಹೇಗೆಂಬುದೂ ಒಂದು ಕಥೆ. ಒಂದು ಬೆಳಿಗ್ಗೆ ನೀರಿನ ಮೋಟರಿನ ವಿಷಯಕ್ಕೆ ಮಾಮಿಯ ಜೊತೆ ಜಗಳವಾಡಿ, ಟ್ರೇನು ತಪ್ಪಿಸಿಕೊಂಡು, ಸ್ಟೇಷನ್ನಿನಲ್ಲಿ ಕಾಫಿ ಕುಡಿದು, ನೆಗಡಿಗೆ ಮಾತ್ರೆ ಕೇಳಲು ಗೇಟ್ ಡಾಕ್ಟರ ಮೆಟ್ಟಿಲನ್ನು ಓಡಿಕೊಂಡೇ ಹತ್ತಿದ್ದರು. ರೈಲ್ವೆ ಗೇಟಿನ ಪಕ್ಕ ಕ್ಲಿನಿಕ್ ಇದ್ದದ್ದರಿಂದ ಅವರು ಗೇಟ್ ಡಾಕ್ಟರು. ಹೊಸೂರಿನವರು, ಕನ್ನಡ ಬರುತ್ತಿತ್ತು. ಅವರು ಅಪ್ಪನ ತೋಳಿಗೆ ಪಟ್ಟಿ ಸುತ್ತಿ ನೋಡಿ, "ಸ್ವಲ್ಪ ಜಾಸ್ತಿ ಇದೆ. ಉಪ್ಪು, ನಶ್ಯ ಕಡಿಮೆ ಮಾಡಿ. ಮುಂದಿನ ವಾರ ಕಾಫಿ ಕುಡಿಯದೆ ಬನ್ನಿ, ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ ಇನ್ನೊಂದು ಸಲ ನೋಡ್ತೀನಿ" ಎಂದರಂತೆ. ಇದರಲ್ಲಿ ಅಪ್ಪನ ಕಿವಿಗೆ ಬಿದ್ದದ್ದು 'ಜಾಸ್ತಿ ಇದೆ' ಎಂಬ ಎರಡೇ ಮಾತು. ಮುಂದಿನ ವಾರ ಹೋಗಲೇ ಇಲ್ಲ. ಡಿಗ್ರಿ ಸಿಕ್ಕಮೇಲೆ ಯಾರಾದರೂ ಮತ್ತೆ ಪರೀಕ್ಷೆಗೆ ಕೂರುತ್ತಾರೆಯೇ?

ಅಂದಿನಿಂದ ಮನೆಯ ಕಾನೂನು ಬದಲಾಯಿತು. ಕೆಟ್ಟ ಸುದ್ದಿಯನ್ನು ಅಪ್ಪ ಕಾಫಿ ಕುಡಿದು, ಈಸಿಚೇರಿನಲ್ಲಿ ಕಾಲು ಚಾಚಿದ ಮೇಲಷ್ಟೇ ಹೇಳಬೇಕು. ಮುರಳಿಯ ಲೆಕ್ಕದ ಮಾರ್ಕು ಕೆಟ್ಟ ಸುದ್ದಿಗಿಂತಲೂ ಕೆಟ್ಟದ್ದಾದ್ದರಿಂದ ಅದು ಅಕ್ಕಿ ಡಬ್ಬದ ಹಿಂದೆ ವಾರಗಟ್ಟಲೆ ಕಾಯುತ್ತಿತ್ತು. ಕೆಳಗಿನ ಮಾಮಿ ಕೂಡ "ಸಾರುಕ್ಕು ಬಿಪಿ, ಪಾವಂ" ಎಂದು ಅಪ್ಪನ ಮೇಲೆ ಮರುಕಪಟ್ಟು, ಮೋಟರು ಹಾಕಿದಾಗ ಮೊದಲು ನಮ್ಮ ತೊಟ್ಟಿಗೇ ನೀರು ಬಿಡುತ್ತಿದ್ದರು. ಟ್ರೇನಿನಲ್ಲಿ ಪರಿಚಯದವರು ಎದ್ದು ಸೀಟು ಕೊಡುತ್ತಿದ್ದರು. ಅಪ್ಪ ಆ ಬಿಪಿಯಿಂದ ಪಡೆದಷ್ಟು ಸುಖವನ್ನು ಬೇರೆಯವರು ಆರೋಗ್ಯದಿಂದಲೂ ಪಡೆದಿರಲಾರರು.

ಅಮ್ಮನಿಗೆ ಮಾತ್ರ ಎರಡೆರಡು ಅಡುಗೆ. ದೊಡ್ಡ ಪಾತ್ರೆಯಲ್ಲಿ ನಮ್ಮ ಹುಳಿ, ಅದರ ಪಕ್ಕ ಒಂದು ಪುಟ್ಟ ಪಾತ್ರೆಯಲ್ಲಿ ಅಪ್ಪನ ಉಪ್ಪಿಲ್ಲದ ಹುಳಿ. ಅಪ್ಪ ಅದನ್ನು ಮುಖ ಹಿಂಡದೆ ಉಣ್ಣುತ್ತಿದ್ದರು, ಅದೊಂದು ಆಶ್ಚರ್ಯ. ನಶ್ಯ ಬಿಟ್ಟರೂ ನಶ್ಯದ ಡಬ್ಬಿಯನ್ನು ಬಿಡಲಿಲ್ಲ; ಊಟಕ್ಕೆ ಕೂತಾಗಲೂ ಅದು ಮಡಿಲಲ್ಲೇ. "ಪಾವಂ, ಪಳಗಿದ ಕೈ. ಖಾಲಿ ಡಬ್ಬಿನಾದ್ರೂ ಇಟ್ಕೊಳ್ಳಲಿ" ಎನ್ನುತ್ತಿದ್ದಳು ಅಮ್ಮ. ಅವಳು ಹುಟ್ಟಿ ಬೆಳೆದದ್ದು ಈ ಊರಿನಲ್ಲೇ, ಅವಳ ಕನ್ನಡದ ತುಂಬ ತಮಿಳು. ನಾವೆಲ್ಲ ಉಂಡೆದ್ದ ಮೇಲೆ ಕೊನೆಗೆ ಒಬ್ಬಳೇ ಕೂರುತ್ತಿದ್ದಳು. ಅಪ್ಪನ ಪಾತ್ರೆಯಲ್ಲಿ ಮಿಕ್ಕ ಸಪ್ಪೆ ಹುಳಿ ಅವಳ ಪಾಲು. ಚೆಲ್ಲಬಾರದಲ್ಲ, ಅದಕ್ಕೆ ತಾನೇ ಕೈತುಂಬ ಉಪ್ಪು ಬೆರೆಸುವಳು. ಆಮೇಲೆ ತಣ್ಣನೆಯ ಅನ್ನ, ಮಜ್ಜಿಗೆ, ಉಪ್ಪಿನಕಾಯಿ ಜಾಡಿಯ ತಳದ ರಸ, ಕರಿದ ಮಜ್ಜಿಗೆ ಮೆಣಸಿನಕಾಯಿ. ಅಪ್ಪನ ಪಾತ್ರೆಗೆ ಬೀಳದ ಉಪ್ಪೆಲ್ಲ ಹೀಗೆ ಅಮ್ಮನ ತಟ್ಟೆಗೆ ಬಂದು ಸೇರುತ್ತಿತ್ತು. ಅವಳು ಒಂದು ದಿನವೂ ದನಿಯೆತ್ತಿದವಳಲ್ಲ. ಯಾರು ಏನೆಂದರೂ "ಚುಮ್ಮಾ ಇರಿ, ಹೋಗಲಿ" ಎಂದು ನಗುವಳು.

ಹೀಗಿರುವಾಗ ಒಂದು ಬೇಸಿಗೆ ರಜೆಯಲ್ಲಿ ಅಮ್ಮನ ತಮ್ಮ, ಬ್ಯಾಂಕಿನಲ್ಲಿದ್ದ ಶ್ರೀಧರ ಮಾವ ಊಟಕ್ಕೆ ಬಂದರು. ಹೊಸ ಮಾವಿನಕಾಯಿ ಉಪ್ಪಿನಕಾಯಿ ಬಡಿಸುವಾಗ ಅಪ್ಪ ದೊಡ್ಡ ತ್ಯಾಗಿಯಂತೆ ಕೈ ಅಡ್ಡ ಹಿಡಿದರು.

"ನಂಗೆ ಬೇಡ. ಬಿಪಿ."

"ಎಷ್ಟಿದೆ ಭಾವ?"

"ಏನು?"

"ಬಿಪಿ. ಎಷ್ಟಿದೆ?"

ಅಪ್ಪ ತುತ್ತು ನುಂಗಿದರು. ಊರಿನವರ ಬಿಪಿಯೆಲ್ಲ ಬಾಯಿಪಾಠವಿದ್ದವರಿಗೆ ತಮ್ಮದು ಗೊತ್ತಿರಲಿಲ್ಲ.

"ಜಾಸ್ತಿ ಇದೆ."

"ಜಾಸ್ತಿ ಅಂದ್ರೆ? ನಂಬರ್ ಇರತ್ತಲ್ಲ ಭಾವ. ನಂಬರ್ ಇಲ್ದೆ ಇರೋದು ಬರೀ ಬಾಯಿ."

ಮಾವ ತಮಾಷೆಗೆ ಹೇಳಿದ್ದು. ಆದರೆ ಮುರಳಿ ಕಿಸಕ್ಕೆಂದುಬಿಟ್ಟ. ಅಪ್ಪ ಊಟ ಅರ್ಧಕ್ಕೇ ಬಿಟ್ಟು ಎದ್ದರು. ಆ ಶನಿವಾರ ಸಂಜೆ ಬ್ರಾಡ್ವೇಯ ಒಂದು ಅಂಗಡಿಯಿಂದ ಬಿಪಿ ನೋಡುವ ಯಂತ್ರವನ್ನೇ ತಂದುಬಿಟ್ಟರು. ಪಾದರಸದ ಕೊಳವೆಯಿದ್ದ ಉದ್ದನೆಯ ಪೆಟ್ಟಿಗೆ, ಜೊತೆಗೊಂದು ಸ್ಟೆತೋಸ್ಕೋಪು. ಮನೆಗೆ ಬಂದ ಯಂತ್ರವೆಂದು ಅಮ್ಮ ಅದರ ಮುಚ್ಚಳಕ್ಕೆ ಅರಿಶಿನ ಕುಂಕುಮವಿಟ್ಟು ಕೈಮುಗಿದಳು.

ಭಾನುವಾರ ಬೆಳಿಗ್ಗೆ ಪ್ರಯೋಗ. ತಮ್ಮ ಅಮೂಲ್ಯವಾದ ಬಿಪಿಯನ್ನು ಮೊದಲ ಸಲಕ್ಕೇ ಒಡ್ಡುವುದು ಬೇಡವೆಂದು, ಕೈ ಪಳಗಿಸಿಕೊಳ್ಳಲು ಅಪ್ಪ ಅಮ್ಮನನ್ನು ಕರೆದರು. ಅವಳು ಒಲೆಯ ಮೇಲೆ ಬೇಳೆಯಿದೆ ಎಂದರೂ ಬಿಡಲಿಲ್ಲ. ಡಬ್ ಡಬ್ ಸದ್ದು ಎಲ್ಲಿ ಶುರುವಾಗುತ್ತದೋ ಅದು ಮೇಲಿನ ನಂಬರು, ಎಲ್ಲಿ ನಿಲ್ಲುತ್ತದೋ ಅದು ಕೆಳಗಿನದು ಎಂದು ನಮಗೆ ಪಾಠ ಹೇಳುತ್ತ ಪಟ್ಟಿ ಸುತ್ತಿದರು, ಗಾಳಿ ಹೊಡೆದರು, ನಿಧಾನವಾಗಿ ಬಿಟ್ಟರು. ಪಾದರಸ ಇನ್ನೂರರ ಹತ್ತಿರ ಇರುವಾಗಲೇ ಅವರ ಹುಬ್ಬು ಮೇಲೇರಿತು. ಮತ್ತೆ ಹೊಡೆದರು. ಮತ್ತೆ ಹುಬ್ಬು ಏರಿತು.

"ಥೂ, ಇದು ಕೆಟ್ಟಿದೆ."

ಸ್ಟೆತೋಸ್ಕೋಪನ್ನು ನನ್ನ ಕಿವಿಗೆ ಹಾಕಿ ತಮ್ಮ ತೋಳು ನೀಡಿದರು. ನಾನು ಕೇಳಿಸಿಕೊಂಡೆ. ನೂರಿಪ್ಪತ್ತಕ್ಕೆ ಶುರುವಾಯಿತು, ಎಂಬತ್ತಕ್ಕೆ ನಿಂತಿತು. ಅಪ್ಪನ ಮುಖ ನೋಡಬೇಕಿತ್ತು! ಕೆಲಸದಿಂದ ತೆಗೆದುಹಾಕಿದರೆ ಹೇಗೋ ಹಾಗೆ ಕೂತಿದ್ದರು.

"ಅಪ್ಪಾಕ್ಕು ಬಿಪಿ ಇಲ್ಲೈಯಾ?" ಎಂದ ಮುರಳಿ. ಅವನು ಸ್ಕೂಲಿಗೆ ಸೇರಿದಾಗಿನಿಂದ ಮನೆಯಲ್ಲಿ ಕನ್ನಡ ಕೇಳಿಸಿಕೊಂಡು ತಮಿಳಿನಲ್ಲೇ ಉತ್ತರ ಕೊಡುವವನು. ಮರುಕ್ಷಣವೇ ಕಣ್ಣರಳಿಸಿ, "ಅಪ್ಪೋ ಮಾರ್ಕ್ ಷೀಟ್ ಕಾಟ್ಟಲಾಮಾ?" ಎಂದ. ಹಾಗಾದರೆ ಮಾರ್ಕ್ಸ್ ಕಾರ್ಡು ತೋರಿಸಬಹುದಲ್ಲ ಎಂದು ಅವನ ಆಸೆ.

"ತಗೊಂಬಾ" ಎಂದರು ಅಪ್ಪ, ನಮಗೆ ನಂಬಲಾಗದಷ್ಟು ಉತ್ಸಾಹದಿಂದ. "ನೋಡಿದ್ರೆ ಸಿಟ್ಟು ಬರತ್ತೆ, ಏರತ್ತೆ. ಪುಟ್ಟಿ, ನೀನು ಪಟ್ಟಿ ಬಿಚ್ಚಬೇಡ."

ಅಕ್ಕಿ ಡಬ್ಬದ ಹಿಂದಿನಿಂದ ಮಾರ್ಕು ಹೊರಗೆ ಬಂತು. ಅಪ್ಪ ನೋಡಿದರು, ಕೆಂಪಾದರು, ಕತ್ತೆ ಎಂದರು, ದಂಡಪಿಂಡ ಎಂದರು, ಕೆಳಗಿನಿಂದ ಮಾಮಿ ಏನಾಯಿತೆಂದು ಕೂಗಿ ಕೇಳುವಷ್ಟು ಕೂಗಾಡಿದರು. ನಾನು ಗಾಳಿ ಹೊಡೆದೆ. ಸ್ವಲ್ಪ ಏರಿತ್ತು. ಅಪ್ಪ ಗೆದ್ದವರಂತೆ ಮೀಸೆ ಸವರಿದರು. ಒಂದು ಲೋಟ ನೀರು ಕುಡಿದು ಮತ್ತೆ ನೋಡಿಸಿದರೆ ಅದೇ ಹಾಳು ನೂರಿಪ್ಪತ್ತು.

ಕೊನೆಗೆ ಅವರೊಂದು ತೀರ್ಮಾನಕ್ಕೆ ಬಂದರು. ಸದಾ ಕೂಗಾಡುವವನಿಗೆ ಸರಿಯಾಗಿದೆ, ತುಟಿ ಎರಡು ಮಾಡದವಳಿಗೆ ಇನ್ನೂರರ ಹತ್ತಿರ ಇದೆ ಎಂದು ಒಂದು ಯಂತ್ರ ಹೇಳಿದರೆ ಅದಕ್ಕೆ ತಲೆ ಕೆಟ್ಟಿದೆ ಎಂದೇ ಅರ್ಥ. ಸೋಮವಾರ ಆಫೀಸಿಗೆ ರಜೆ ಹಾಕಿ, ಸಾಕ್ಷಿಗೆ ಅಮ್ಮನನ್ನೂ ನನ್ನನ್ನೂ ಕರೆದುಕೊಂಡು ಯಂತ್ರ ವಾಪಸು ಕೊಡಲು ಬ್ರಾಡ್ವೇಗೆ ಹೊರಟರು.

ಅಂಗಡಿಯವನು ಮುದುಕ, ಸಮಾಧಾನದ ಮನುಷ್ಯ. ಅಪ್ಪನ ಬೈಗುಳವನ್ನೆಲ್ಲ ಕೇಳಿಸಿಕೊಂಡು, ಅಮ್ಮನನ್ನು ಫ್ಯಾನಿನ ಕೆಳಗೆ ಕೂರಿಸಿ, ಸ್ವಲ್ಪ ಹೊತ್ತು ಯಾರೂ ಮಾತಾಡಬೇಡಿ ಎಂದ. ಆಮೇಲೆ ಬೇರೊಂದು ಹೊಸ ಯಂತ್ರದಲ್ಲಿ ನೋಡಿದ. ಇನ್ನೊಂದು ತೆಗೆಸಿದ. ಅದರಲ್ಲೂ ಅಷ್ಟೇ. ಅಪ್ಪ "ನಿಮ್ಮ ಅಂಗಡಿಯೇ ಪೂರಾ ಕೆಟ್ಟಿದೆ" ಎಂದು ಶುರು ಮಾಡುವಷ್ಟರಲ್ಲಿ ಅವನು ಅವರ ಕೈ ಹಿಡಿದುಕೊಂಡ.

"ಸಾರ್, ಮೆಷಿನ್ ಸರಿಯಾ ಇರುಕ್ಕು. ಅಮ್ಮಾವೈ ಇನ್ನೈಕ್ಕೇ ಡಾಕ್ಟರ್ ಕಿಟ್ಟೆ ಕೂಟ್ಟಿಟ್ಟು ಪೋಂಗೋ."

ಯಂತ್ರ ಸರಿಯಾಗಿದೆ, ಅಮ್ಮನನ್ನು ಇವತ್ತೇ ಡಾಕ್ಟರ ಬಳಿ ಕರೆದುಕೊಂಡು ಹೋಗಿ ಎಂದ ಆ ಮಾತಿಗೆ ಅಪ್ಪನ ಬಾಯಿ ಕಟ್ಟಿಹೋಯಿತು. ಅಪ್ಪ ಸುಮ್ಮನಾದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಇನ್ನೂರರ ಹತ್ತಿರದವರ ಗತಿಯೇನೆಂದು ಊಟದ ಹೊತ್ತಿನಲ್ಲಿ ಕೇಳಿ ಕೇಳಿಯೇ ಬೆಳೆದವಳು ನಾನು. ಅಮ್ಮ ಮಾತ್ರ "ನಂಗೆ ತಲೆನೋವು ಕೂಡ ಇಲ್ಲ ರೀ. ಬನ್ನಿ, ಮನೇಲಿ ಹಿಟ್ಟು ರುಬ್ಬೋದಿದೆ" ಎಂದು ನಗುತ್ತಿದ್ದಳು. ಆ ನಗು ನೋಡಿ ನನಗೆ ಅಳು ಬಂತು.

ವಾಪಸು ಬರುವ ಟ್ರೇನು ತುಂಬಿತ್ತು. ಅಪ್ಪನ ಗುರುತಿನವರೊಬ್ಬರು ಎಂದಿನಂತೆ ಎದ್ದು ನಿಂತು, "ರಾವ್ ಸಾರ್, ಬಿಪಿ! ಉಕ್ಕಾರುಂಗೋ" ಎಂದು ತಮ್ಮ ಸೀಟು ತೋರಿಸಿದರು. ಅಪ್ಪ ಕೂರಲಿಲ್ಲ. ಅಮ್ಮನ ಭುಜ ಹಿಡಿದು ಆ ಸೀಟಿನಲ್ಲಿ ಕೂರಿಸಿದರು. "ನೀವು ಕೂತ್ಕೊಳ್ಳಿ, ನಿಮಗೇ ಅಲ್ವಾ" ಎಂದು ಅವಳು ಏಳಲು ಹೋದಳು. ಅಪ್ಪ ಅವಳನ್ನು ಮತ್ತೆ ಕೂರಿಸಿ, ತಾಂಬರಂ ಬರುವವರೆಗೆ ಮೇಲಿನ ಕಂಬಿ ಹಿಡಿದು ಅವಳ ಎದುರಿಗೇ ನಿಂತರು. ಯಾರೋ ಕಾಲು ತುಳಿದರು. ಅಪ್ಪ ತಿರುಗಿಯೂ ನೋಡಲಿಲ್ಲ.

ಗೇಟ್ ಡಾಕ್ಟರು ಅಮ್ಮನಿಗೆ ಎರಡೂ ತೋಳಿನಲ್ಲಿ ನೋಡಿದರು. ಕೂರಿಸಿ ನೋಡಿದರು, ಬಿಟ್ಟು ಬಿಟ್ಟು ನೋಡಿದರು, ಕಣ್ಣಿಗೆ ಬೆಳಕು ಬಿಟ್ಟು ಒಳಗೆ ಇಣುಕಿದರು. ಆಮೇಲೆ ಅಪ್ಪನಿಗೂ ನೋಡಿ ನಕ್ಕರು.

"ನಿಮಗೇನೂ ಇಲ್ಲ ರಾಯರೇ. ಅವತ್ತು ಓಡಿಕೊಂಡು ಬಂದಿದ್ರಿ, ಕಾಫಿ ಕುಡ್ದಿದ್ರಿ, ಜಗಳ ಬೇರೆ ಆಡಿದ್ರಿ. ಅದಕ್ಕೇ ಮತ್ತೆ ಬನ್ನಿ ಅಂದಿದ್ದು. ನೀವೆಲ್ಲಿ ಬಂದ್ರಿ?"

"ಮತ್ತೆ ನನ್ನ ಸಿಟ್ಟು ಡಾಕ್ಟ್ರೇ?"

"ಅದು ನಿಮ್ಮ ಸ್ವಭಾವ. ಅದಕ್ಕೆ ನನ್ನತ್ರ ಮಾತ್ರೆ ಇಲ್ಲ. ಸಿಟ್ಟು ಬಂದಾಗ ಎಲ್ಲರಿಗೂ ಏರತ್ತೆ, ಆಮೇಲೆ ಇಳಿಯತ್ತೆ. ಅಮ್ಮಂದು ನಗ್ತಾ ಕೂತಾಗಲೂ ಇಳೀತಿಲ್ಲ. ಅದು ಕಾಯಿಲೆ."

"ನಂಗೇನೂ ಆಗ್ತಾನೇ ಇಲ್ವಲ್ಲ" ಎಂದಳು ಅಮ್ಮ.

"ಏನೂ ಅನ್ನಿಸಲ್ಲಮ್ಮ, ಅದೇ ಇದರ ಕಷ್ಟ. ಪಟ್ಟಿ ಸುತ್ತಿ ನೋಡದೆ ಗೊತ್ತಾಗಲ್ಲ. ಹೀಗೇ ಬಿಟ್ಟಿದ್ರೆ ಒಂದಿನ ಅಡುಗೆಮನೇಲೇ ಬಿದ್ದುಬಿಡ್ತಿದ್ರಿ. ಕೈಕಾಲು ಹೋಗಬಹುದಿತ್ತು, ಜೀವಾನೇ ಹೋಗಬಹುದಿತ್ತು."

ಅಪ್ಪ ಕರ್ಚೀಫು ತೆಗೆದು ಮುಖ ಒರೆಸಿಕೊಂಡರು. ಬೆವರೆಂದು ತೋರಿಸಿಕೊಂಡರು, ಬೆವರಲ್ಲ. ಡಾಕ್ಟರು ಮಾತ್ರೆ ಬರೆದರು. ದಿನವೂ ತಗೊಳ್ಳಬೇಕು, ಇಳಿಯಿತೆಂದು ನಿಲ್ಲಿಸಬಾರದು. ಉಪ್ಪು ಕಡಿಮೆ, ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ ಎಲ್ಲವೂ ಉಪ್ಪಿನ ಲೆಕ್ಕಕ್ಕೇ. ಇನ್ನು ಈ ಕೊನೆಗೆ ಕೂತು ಅಳಿದುಳಿದದ್ದನ್ನು ತಿನ್ನುವುದು ಬೇಡ, ಎಲ್ಲರ ಜೊತೆ ಹೊತ್ತಿಗೆ ಸರಿಯಾಗಿ ಉಣ್ಣಿ ಎಂದರು. ಅಮ್ಮನಿಗೆ ಮಾತ್ರೆಗಿಂತ ಈ ಕೊನೆಯದೇ ಕಷ್ಟವಾಗಿ ಕಂಡಿತು. ಆ ಮಾತ್ರೆಗಳ ಪುಣ್ಯ, ಅವಳು ಎಂಬತ್ತು ದಾಟಿಯೂ ನನ್ನ ಅಡುಗೆಗೆ ಕೊಂಕು ತೆಗೆಯುತ್ತ ಇದ್ದಳು. ಆದರೆ ಡಾಕ್ಟರ ಬಳಿ ಹೋಗಿ ಬಂದ ಮರುದಿನದ ಊಟದ ಸಂಗತಿ ಹೇಳದೆ ಬಿಡಲಾರೆ.

ಅಪ್ಪ ಅಂದೂ ರಜೆ ಹಾಕಿದ್ದರು. ಮನೆಯಲ್ಲಿ ವಿಚಿತ್ರ ನಿಶ್ಶಬ್ದ. ಬಿಪಿ ಇದ್ದವರ ಮುಂದೆ ಕೂಗಬಾರದೆಂಬ ಕಾನೂನನ್ನು ಮಾಡಿದವರು ಅಪ್ಪನೇ. ಈಗ ಅದಕ್ಕೆ ತಾವೇ ಸಿಕ್ಕಿಬಿದ್ದಿದ್ದರು. ಬೆಳಗಿನಿಂದ ಪಿಸುಗುಟ್ಟಿಯೇ ಬೈಯುತ್ತಿದ್ದರು. ಪೇಪರು ಮಡಿಸಿದ್ದಕ್ಕೆ ಪಿಸುಗುಟ್ಟಿ ಕತ್ತೆ, ಬಾಗಿಲು ಬಡಿದಿದ್ದಕ್ಕೆ ಪಿಸುಗುಟ್ಟಿ ದಂಡಪಿಂಡ. ಮುರಳಿ ಬಾಯಿಗೆ ದಿಂಬು ಒತ್ತಿಕೊಂಡು ನಗುತ್ತಿದ್ದ. ಮಧ್ಯಾಹ್ನ ಅಪ್ಪ ತಾವೇ ನಾಲ್ಕು ತಟ್ಟೆ ಇಟ್ಟರು.

"ಕೂತ್ಕೋ."

"ಬಡಿಸೋರು ಯಾರು ರೀ?"

"ನಾನು."

ಅಮ್ಮ ಹೊಸ ಮದುವಣಗಿತ್ತಿಯಂತೆ ಮುದುರಿಕೊಂಡು ಕೂತಳು. ಅಪ್ಪ ಪಂಚೆ ಮೇಲೆ ಕಟ್ಟಿ, ಅನ್ನದ ಅರ್ಧ ತಟ್ಟೆಗೂ ಅರ್ಧ ನೆಲಕ್ಕೂ ಬಡಿಸಿದರು. ಪುಟ್ಟ ಪಾತ್ರೆಯ ಹುಳಿಯನ್ನು ಅಮ್ಮನ ತಟ್ಟೆಗೆ ಹೊಯ್ದರು. ಅಮ್ಮ ಕಲಸಿ ಒಂದು ತುತ್ತು ಬಾಯಿಗಿಟ್ಟಳು. ಉಪ್ಪು ಬೆರೆಸದೆ ಅದನ್ನು ಅವಳು ತಿಂದದ್ದು ಅದೇ ಮೊದಲು. ಅಗಿಯುವುದನ್ನು ನಿಲ್ಲಿಸಿದಳು.

"ಅಯ್ಯಯ್ಯೋ! ಇಷ್ಟು ವರ್ಷ ನೀವು ಇದನ್ನ ಹೇಗೆ ತಿಂದ್ರಿ ರೀ?"

ಅಪ್ಪನ ಕೈ ತಾನಾಗಿಯೇ ಸೊಂಟದ ಪಂಚೆಯ ಮಡಿಕೆಗೆ ಹೋಯಿತು. ಅಮ್ಮ ಆ ಕೈಯನ್ನೇ ನೋಡಿದಳು. ಆಮೇಲೆ ಎದ್ದು ನಶ್ಯದ ಡಬ್ಬಿಯನ್ನು ಕಿತ್ತುಕೊಂಡು ಮುಚ್ಚಳ ತೆರೆದಳು. ಒಳಗೆ ಬೆಳ್ಳಗೆ, ಪುಡಿಪುಡಿಯಾಗಿ, ಕಂಠಪೂರ್ತಿ ಉಪ್ಪು.

ಆಗ ಅಮ್ಮ ಕೂಗಿದಳು. ಅಬ್ಬಬ್ಬಾ, ಏನು ಕೂಗು! ಗೂಡಿನ ಲೋಟಗಳು ಟ್ರೇನಿಲ್ಲದೆಯೂ ಅದುರಿರಬೇಕು. ಎರಡೆರಡು ಪಾತ್ರೆ ತೊಳೆದು ನನ್ನ ಕೈ ಸವೆದುಹೋಯ್ತು, ನೀವು ಮಡಿಲಲ್ಲಿ ಉಪ್ಪಿನ ಅಂಗಡಿ ಇಟ್ಕೊಂಡು ಕೂತಿದ್ರಾ, ನಿಮ್ಮ ಮಿಕ್ಕಿದ್ದಕ್ಕೆಲ್ಲ ಉಪ್ಪು ಸುರಿದು ತಿಂದವಳು ನಾನು, ಸಾಯೋಕೆ ಹೊರಟವಳು ನಾನು ಎಂದು ಕನ್ನಡದಲ್ಲಿ ಶುರುವಾದದ್ದು ತಮಿಳಿಗೆ ಹೊರಳಿ ಮತ್ತೆ ಕನ್ನಡಕ್ಕೆ ಬಂತು. ಕೆಳಗಿನ ಮಾಮಿ ಮೆಟ್ಟಿಲು ಹತ್ತಿ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ಬಿಪಿ ಯಂತ್ರ ಅಲ್ಲೇ ಪಕ್ಕದಲ್ಲಿತ್ತು, ಅದನ್ನು ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ. ಅಪ್ಪ ಸೌಟು ಹಿಡಿದು ಗರ ಬಡಿದವರಂತೆ ನಿಂತಿದ್ದರು.

ಅಮ್ಮ ನಿಲ್ಲಿಸಿದಳು. ಉಸಿರು ಬಿಟ್ಟಳು. ಡಬ್ಬಿಯ ಮುಚ್ಚಳ ಮುಚ್ಚಿ ಅದರ ಮೇಲೆಯೇ ಕೂತಳು. ಸಪ್ಪೆ ಹುಳಿಯ ಅನ್ನವನ್ನು ತುತ್ತು ತುತ್ತಾಗಿ, ಒಂದು ಅಗುಳೂ ಬಿಡದೆ ಉಂಡಳು. ಆಮೇಲೆ ತಟ್ಟೆಯನ್ನು ಮುಂದಕ್ಕೆ ತಳ್ಳಿ ಅಪ್ಪನ ಮುಖ ನೋಡಿದಳು.

"ನಿಂತು ಏನು ನೋಡ್ತೀರಿ? ಇನ್ನೊಂದು ಸ್ವಲ್ಪ ಅನ್ನ ಹಾಕಿ."

ಅಮ್ಮ ಬಾಯಿಬಿಟ್ಟು ಅನ್ನ ಕೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅಪ್ಪ ಬಗ್ಗಿ, ಈ ಸಲ ಒಂದು ಅಗುಳೂ ನೆಲಕ್ಕೆ ಬೀಳದಂತೆ ಬಡಿಸಿದರು.